ಆರು ಚುಕ್ಕೆಯ ಜೀರುಂಡೆ

ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ? ‘ಗೊತ್ತಿಲ್ಲ’ ಎಂದು ಹೇಳುವುದು ನನಗೆ ಬರುವುದಿಲ್ಲ. ವರ್ಷಗಟ್ಟಲೆ ವಿಜ್ಞಾನ ಪಾಠ ಮಾಡಿದ ನಾಲಿಗೆ. ಪ್ರಶ್ನೆ ಮುಗಿಯುವುದರೊಳಗೆ ಉತ್ತರ ಹೊರಟುಬಿಟ್ಟಿರುತ್ತದೆ. ಸರಿಯೋ ತಪ್ಪೋ ಎಂಬುದು ಆಮೇಲಿನ ಮಾತು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮೊಳಕಾಲ್ಮೂರು ಕಡೆಯ ಒಂದು ಹಳ್ಳಿಯಲ್ಲಿ ಮೇಷ್ಟ್ರಾಗಿದ್ದೆ. ಒಂದು ಸಂಜೆ ಬಸ್ಸಿಗೆ ನಡೆದು ಹೋಗುವಾಗ ಗಂಗಮ್ಮನವರ ಶೇಂಗಾ ಹೊಲದ ಬದುವಿನಲ್ಲಿ ದಪ್ಪನೆಯ ಜೀರುಂಡೆಯೊಂದು ಸರಸರ ಓಡಿತು. ಕಪ್ಪು ಮೈ, ಅದರ ಮೇಲೆ ಆರು ಬಿಳಿ ಚುಕ್ಕೆ. ಅಂಥದ್ದನ್ನು ನಾನು ಕಂಡೇ ಇರಲಿಲ್ಲ. ಕಳೆ ಕೀಳುತ್ತಿದ್ದ ಹೆಂಗಸರು ಕೆಲಸ ನಿಲ್ಲಿಸಿ ನನ್ನ ಮುಖ ನೋಡಿದರು. ಮಗುವಿಗೆ ಹೆಸರಿಡಲು ಹನ್ನೊಂದು ದಿನ ಕಾಯುತ್ತೇವೆ. ನಾನು ಹನ್ನೊಂದು ಕ್ಷಣವೂ ಕಾಯಲಿಲ್ಲ.

“ಇದು ಶೇಂಗಾ ಬೇರು ತಿನ್ನೋ ಹುಳ. ಕಂಡಲ್ಲಿ ಕೊಲ್ರಿ” ಎಂದೆ.

“ನಮ್ಮತ್ತೆ ಇದನ್ನ ಕೊಲ್ಲಬ್ಯಾಡ ಅಂತಿದ್ರು ಮೇಷ್ಟ್ರೆ. ಕೆಟ್ಟ ಹುಳ ತಿಂತೈತಂತೆ” ಎಂದರು ಗಂಗಮ್ಮ.

“ನಿಮ್ಮತ್ತೆ ಯಾವ ಕಾಲೇಜಲ್ಲಿ ಓದಿದ್ರಮ್ಮ?”

ಹೆಂಗಸರೆಲ್ಲ ನಕ್ಕರು. ತೀರಿಕೊಂಡ ಅತ್ತೆಯ ಮಾತೆತ್ತಿ ನಗೆಪಾಟಲಾದ ಗಂಗಮ್ಮ ತಲೆ ತಗ್ಗಿಸಿದರು. ನನಗೋ, ಜೋಕು ಚೆನ್ನಾಗಿ ಬಂತಲ್ಲ ಎಂಬ ಖುಷಿ. ಆಮೇಲೆ ನಾನು ಆ ದಾರಿಯಲ್ಲಿ ಹೋದಾಗಲೆಲ್ಲ ಅವರು ಒಂದು ಡಬ್ಬಿ ತೆರೆದು ತೋರಿಸುವರು. ಒಳಗೆ ಹಿಡಿದಿಟ್ಟ ಮೂರೋ ನಾಲ್ಕೋ ಜೀರುಂಡೆ. ನಾನು ಭೇಷ್ ಎಂದು ಬಸ್ಸು ಹತ್ತುವೆ.

ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಒಂದನ್ನು ಮಾತ್ರೆ ಬಾಟಲಿಗೆ ಹಾಕಿಕೊಂಡು ಚಳ್ಳಕೆರೆಗೆ ಒಯ್ದೆ. ಅಲ್ಲಿ ನನ್ನ ಹಳೆಯ ಗೆಳೆಯ ಕರೀಂ ಇದ್ದ, ಕೀಟಗಳನ್ನೇ ಓದಿದವನು. ಅವನು ಭೂತಗನ್ನಡಿ ಹಿಡಿದು ಅದರ ದವಡೆ ನೋಡಿದ.

“ಇದು ಬೇರು ತಿನ್ನೋದಲ್ಲ ಲೇ, ಬೇಟೆ ಆಡೋದು. ಹೊಲದ ಹುಳಾನೇ ಇದರ ಊಟ. ಕೊಲ್ಲು ಅಂತ ಯಾವನು ಹೇಳಿದ್ದು?”

“ಯಾರೋ ಒಬ್ಬ ಮೇಷ್ಟ್ರು” ಎಂದೆ.

ಮರುದಿನ ಗಂಗಮ್ಮನವರನ್ನು ಬದುವಿನ ಹತ್ತಿರ ಕರೆದು, ತಪ್ಪಾಯಿತು, ಪಾಪದ ಜೀವಗಳನ್ನು ಸುಮ್ಮನೆ ಕೊಲ್ಲಿಸಿದೆ ಎಂದೆ.

“ಕೊಂದಿಲ್ಲ ಬಿಡ್ರಿ. ನೀವು ಬಸ್ಸು ಹತ್ತಿದ ಮ್ಯಾಲೆ ಎಲ್ಲಾನೂ ಹೊಲಕ್ಕೇ ಬಿಡ್ತಿದ್ದೆ.”

“ಮತ್ತೆ ನನಗ್ಯಾಕೆ ಹೇಳ್ಲಿಲ್ಲ?”

“ಅಷ್ಟು ಜನದ ಮುಂದೆ ಮೇಷ್ಟ್ರಿಗೆ ಎದುರು ಹೇಳಾಕಾಗತ್ತಾ?”

ನಾಚಿಕೆಯಿಂದ ಕುಗ್ಗಿಹೋದೆ. ಅಷ್ಟೇ ಜನದ ಮುಂದೆ ನಾನು ಅವರ ಮರ್ಯಾದೆ ತೆಗೆದಿದ್ದೆ. ಅವತ್ತು ನಕ್ಕವರೆಲ್ಲ ನಾಲ್ಕು ಸಾಲು ಆಚೆ ಬಗ್ಗಿ ಕಳೆ ಕೀಳುತ್ತಿದ್ದರು. ಅವರಿಗೂ ಕೇಳುವಂತೆ ಹೇಳಬೇಕಾದ ಮಾತು ಅದು.

“ನಿಮ್ಮತ್ತೆ ಹೇಳಿದ್ದೇ ಸರಿ, ಗಂಗಮ್ಮ” ಎಂದೆ, ಗಂಗಮ್ಮನವರಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ.