ನಮ್ಮತ್ತೆಯ ಅರ್ಧ ಹುಬ್ಬು

ನಮ್ಮತ್ತೆಗೆ ಎಡಗಡೆಯ ಹುಬ್ಬು ಅರ್ಧವೇ ಇರುವುದು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಕದ್ದು ಕದ್ದು ಅದನ್ನೇ ನೋಡುತ್ತಿದ್ದೆ. ಒಂದು ದಿನ ಅವರೇ ಹಿಟ್ಟು ನಾದುತ್ತ ಹೇಳಿದರು: ಬೇಕರಿ ಕೆಲಸ ಕಲಿಯುವಾಗ ಒಲೆಯ ಬಾಗಿಲನ್ನು ಒಮ್ಮೆಲೇ ತೆರೆದಿದ್ದರಂತೆ. ಪಾಠ ಕಲಿಸಿದ್ದಕ್ಕೆ ಒಲೆ ತೆಗೆದುಕೊಂಡ ಫೀಸು ಅದಂತೆ.

ನಮ್ಮದು ಸೌದೆ ಒಲೆಯ ಬೇಕರಿ. ಕೆಲಸ ಮುಗಿದ ಮೇಲೆ ಅತ್ತೆ ಬೆಂಕಿಗೆ ನೀರು ಹಾಕುವವರಲ್ಲ. ಕಬ್ಬಿಣದ ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಗೋಣಿ ತುರುಕಿ, ಹೊಗೆಗೂಡಿನ ಬಾಯಿಗೂ ತಗಡು ಎಳೆದುಬಿಡುತ್ತಾರೆ. ಗಾಳಿ ಸಿಗದ ಬೆಂಕಿ ತಣ್ಣಗೆ ಮಲಗಿದಂತೆ ಕಾಣುತ್ತದೆ, ಸತ್ತಿರುವುದಿಲ್ಲ. ಬಿಸಿಗೆ ಸೌದೆ ಬಿಟ್ಟ ಹೊಗೆ ಒಳಗೇ ತುಂಬಿಕೊಂಡಿರುತ್ತದೆ, ಆ ಹೊಗೆಯೂ ಉರಿಯುವ ವಸ್ತುವೇ. ಬೆಳಗ್ಗೆ ಮೊದಲು ತಗಡು ಸರಿಸಿ, ಪಕ್ಕಕ್ಕೆ ನಿಂತು, ಬಾಗಿಲನ್ನು ಬೆರಳಷ್ಟು ಮಾತ್ರ ತೆರೆದು ಕಾಯಬೇಕು. ಗಾಳಿ ಒಟ್ಟಿಗೇ ನುಗ್ಗಿದರೆ ಎಲ್ಲ ಭಗ್ಗನೆ ಹೊತ್ತಿಕೊಂಡು ಮುಖಕ್ಕೇ ಬರುತ್ತದೆ.

ಇದನ್ನು ಹೇಳಿ ಹೇಳಿ ಅವರು ನನ್ನ ತಲೆ ತಿಂದಿದ್ದರು. ಒಲೆಯದಿರಲಿ, ಮನೆಯದಿರಲಿ, ಬಾಗಿಲು ಕಂಡರೆ ಸಾಕು, ಹಾಕು ಎನ್ನುವವರೇ. ನನಗೋ ಮೈಯೆಲ್ಲ ಉರಿಯುತ್ತಿತ್ತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದುಕೊಂಡು ಹಲ್ಲು ಕಚ್ಚಿ ಬಾಗಿಲು ಹಾಕುತ್ತಿದ್ದೆ.

ಬೂದಿ ಮುಚ್ಚಿದ ಕೆಂಡ ಎಂದು ಮಾತಿಗೆ ಹೇಳುತ್ತೇವಲ್ಲ, ನಮ್ಮ ಯಜಮಾನರು ಒಂದು ಬೆಳಗ್ಗೆ ಅದನ್ನೇ ಬಕೆಟ್ಟಿನಲ್ಲಿ ತುಂಬಿ ಸ್ಟೋರ್ ರೂಮಿನಲ್ಲಿಟ್ಟು ಬಂದರು. ಬರೀ ಬೂದಿ ಎಂದುಕೊಂಡರಂತೆ ಪುಣ್ಯಾತ್ಮರು. ಒಳಗೆ ಖಾಲಿ ಗೋಣಿಚೀಲಗಳು, ಸೌದೆ, ಜೊತೆಗೆ ಹಿಟ್ಟು ನಾದುವ ಹೊಸ ಮೆಷೀನು. ಆ ಮೆಷೀನಿಗಾಗಿ ನಾವು ಹೊಟ್ಟೆಬಟ್ಟೆ ಕಟ್ಟಿದ್ದೆವು. ಇನ್ನೂ ಅದರ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚಿರಲಿಲ್ಲ.

ಮಧ್ಯಾಹ್ನ ನೋಡುತ್ತೇವೆ, ಮುಚ್ಚಿದ ಬಾಗಿಲ ಕೆಳಗಿನಿಂದ ಹೊಗೆ. ಜ್ವಾಲೆ ಕಾಣಲಿಲ್ಲ, ಕಿಟಕಿಯ ಗಾಜು ಮಾತ್ರ ಕರ್ರಗಾಗಿತ್ತು. ನಾನು ಫೈರ್ ಸ್ಟೇಷನ್ನಿಗೆ ಫೋನು ಮಾಡಿದೆ. ಯಜಮಾನರು ಮೆಷೀನು ಎಳೆದು ತರುತ್ತೇನೆಂದು ಓಡಿದರು. ಅವರು ಚಿಲಕಕ್ಕೆ ಕೈ ಹಾಕುವಷ್ಟರಲ್ಲಿ ಅತ್ತೆ ಅಡ್ಡ ನಿಂತಿದ್ದರು. ಬಾಗಿಲಡಿಯ ಹೊಗೆ ಹೊರಗೆ ಬಂದು, ಮತ್ತೆ ಒಳಕ್ಕೆ ಹೋಗುತ್ತಿರುವುದನ್ನು ಅವರು ನೋಡಿದ್ದರು.

"ಬೆಂಕಿ ಆರಿದೆಯಮ್ಮ, ಬರೀ ಹೊಗೆ. ಬಿಡು, ಮೆಷೀನಾದ್ರೂ ಉಳಿಸ್ಕೊಳ್ತೀನಿ," ಎಂದರು ಇವರು.

"ಆರಿಲ್ಲ ಕಣೋ, ಉಸಿರಿಗೆ ಒದ್ದಾಡ್ತಿದೆ. ಬೆಂಕಿಗೆ ಬೇಕಾಗಿರೋದು ಮೂರು. ಉರಿಯೋ ವಸ್ತು ಒಳಗಿದೆ, ಕಾವು ಒಳಗಿದೆ. ಮೂರನೇದು ಗಾಳಿ. ಅದು ನಿನ್ನ ಕೈಲಿದೆ, ಕೊಡಬೇಡ."

ಇವರು ಕೇಳಲಿಲ್ಲ. ತಾಯಿಯ ತೋಳು ಹಿಡಿದು ಎಳೆದರು. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೂ ಮೆಷೀನೇ ಕಾಣುತ್ತಿತ್ತು. ಅತ್ತೆ ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಒದ್ದೆ ಗೋಣಿ ತಾ ಎಂದರು. ನಾನು ತಂದೆ. ಬಾಗಿಲ ಕೆಳಗಿನ ಸಂದಿಗೆ ಅದನ್ನು ತುರುಕಿ ಮತ್ತೆ ಅಲ್ಲೇ ನಿಂತರು.

ಫೈರ್ ಎಂಜಿನ್ನಿನವರು ಬಂದು ನಮ್ಮೆಲ್ಲರನ್ನೂ ದೂರ ಕಳಿಸಿದರು. ಬಾಗಿಲಿಗೆ ನೀರು ಹೊಡೆದು, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಪೈಪು ಹಿಡಿದುಕೊಂಡೇ ಸ್ವಲ್ಪ ತೆರೆದರು. ಅಷ್ಟಕ್ಕೇ ಅವರ ತಲೆಯ ಮೇಲಿಂದ ಉರಿ ಹಾರಿ ಬಂದು ಎದುರಿನ ಗೋಡೆಗೆ ಬಡಿಯಿತು. ಆಮೇಲೆ ನೀರು ಹೊಡೆದು ಆರಿಸಿದರು.

ಒಳಗೆ ಮೆಷೀನಿನ ಬಣ್ಣ ಸುಲಿದಿತ್ತು, ವೈರು ಕರಗಿತ್ತು. ಮುಂದೆ ಅದು ರಿಪೇರಿಯಾಯಿತು. ಅವತ್ತು ಮಾತ್ರ ಇವರು ಮೆಷೀನಿನ ಹತ್ತಿರವೂ ಹೋಗಲಿಲ್ಲ. ಎದುರಿನ ಗೋಡೆಯ ಮಸಿಗೆ ಬೆನ್ನು ಕೊಟ್ಟು ನಿಂತು ತಮ್ಮ ಎತ್ತರ ಅಳೆದು ನೋಡಿಕೊಂಡರು. ಮಸಿ ಸರಿಯಾಗಿ ಅವರ ಮುಖದ ಎತ್ತರಕ್ಕಿತ್ತು. ತಾಯಿಯ ತೋಳಿನಲ್ಲಿ ತಮ್ಮ ಬೆರಳ ಗುರುತು ಕಂಡು ಅಲ್ಲೇ ಕುಸಿದು ಕೂತು ಅತ್ತರು. ಅತ್ತೆ, ಮುಖ ತೊಳ್ಕೊಂಡು ಬಾ, ಹಿಟ್ಟು ಕಲಸೋದಿದೆ ಎಂದರು.

ಆ ಗೋಡೆಗೆ ಸುಣ್ಣ ಹೊಡೆಯಲು ನಾನು ಬಿಟ್ಟಿಲ್ಲ. ಈಗ ಸೊಸೆಯ ಕಾಲ ಬಂದಿದೆ, ಒಲೆಯ ಉಸ್ತುವಾರಿ ನನ್ನದು. ಬಾಗಿಲು ಹಾಕಿ ಎಂದು ನಾನೂ ಎಲ್ಲರ ತಲೆ ತಿನ್ನುತ್ತೇನೆ, ಥೇಟು ಅತ್ತೆಯಂತೆ ಎಂದು ಯಾರಾದರೂ ಆಡಿಕೊಂಡರೆ ಹಿಗ್ಗುತ್ತೇನೆ. ಅವರ ಅರ್ಧ ಹುಬ್ಬಿನ ಬಗ್ಗೆ ಕೇಳುವವರಿಗೆ ನಮ್ಮ ಯಜಮಾನರ ಮುಖ ತೋರಿಸುತ್ತೇನೆ. ಎರಡು ಹುಬ್ಬೂ ಪೂರ್ತಿ ಇವೆ.