ಮರೆವು ಮೆಚ್ಚುವ ನರ್ಸ್ ಸೆಂಗಾ

ಎಡಿನ್‌ಬರೋದ ಆಸ್ಪತ್ರೆಯ ನರ್ಸ್ ಸೆಂಗಾಳಿಗೆ ನೆನಪಿನ ಶಕ್ತಿ ಚೆನ್ನಾಗಿರುವವರನ್ನು ಕಂಡರೆ ಆಗದು. ಹುಟ್ಟುಕಾಯಿಲೆಯಿಂದ ಶ್ವಾಸಕೋಶ ಕೆಟ್ಟವರಿಗೆ ಅವಳು ಸಾಧು ವೈರಸ್ಸೊಂದರ ಬೆನ್ನಿಗೆ ಒಳ್ಳೆಯ ಜೀನ್ ಹೊರಿಸಿ, ಮಂಜಿನಂತೆ ಉಸಿರಿಗೆ ಬಿಡುತ್ತಾಳೆ. ಅದರ ಗುಣ ಕೆಲವು ತಿಂಗಳಲ್ಲಿ ಇಳಿಯುತ್ತದೆ. ಎರಡನೆಯ ಸಲ ಕೊಡೋಣವೆಂದರೆ ಕೆಲವರ ಮೈ ಹಳೆಯ ವೈರಸ್ಸನ್ನು ಗುರುತು ಹಿಡಿದು ಬಾಗಿಲಲ್ಲೇ ಅಟ್ಟಿಬಿಡುತ್ತದೆ; ಅದು ರಕ್ತ ಪರೀಕ್ಷೆಯಲ್ಲಿ ಮೊದಲೇ ಗೊತ್ತಾಗುತ್ತದೆ. ತಲೆ ಮರೆತರೆ ಮೈಯೂ ಮರೆತೀತೆಂದು ಸೆಂಗಾಳ ನಂಬಿಕೆ. ಆದ್ದರಿಂದ ರೋಗಿಗಳಲ್ಲಿ ಯಾರಾದರೂ ಕೊಡೆ ಮರೆತು ಹೋದರೆ "ಭಲೇ, ಒಳ್ಳೇ ಲಕ್ಷಣ!" ಎಂದು ಹಿಗ್ಗುತ್ತಾಳೆ, ತನ್ನ ಹುಟ್ಟುಹಬ್ಬ ನೆನಪಿಟ್ಟು ಕೇಕ್ ತಂದ ರೋಗಿಯನ್ನು "ಹಾಳಾದವನೇ, ರಕ್ತದ ರಿಪೋರ್ಟ್ ಬರೋವರೆಗೂ ಏನೂ ನೆನಪಿಟ್ಕೋಬೇಡ ಅಂದಿರ್ಲಿಲ್ವಾ?" ಎಂದು ಬೈದು, ಕೇಕನ್ನು ಮಾತ್ರ ತಿನ್ನುತ್ತಾಳೆ. ಎರಡನೆಯ ಸಲಕ್ಕೆ ಬಂದಿದ್ದ ಐಲ್ಸಾಳಿಗೆ ಇದೇ ಹೆದರಿಕೆ. ಮಗನಿಗೆ ಯಾವ ದಿನ ಎಷ್ಟು ಜ್ವರವಿತ್ತೆಂಬುದನ್ನೂ ಅವಳು ಮರೆತವಳಲ್ಲ. ಅವನ ಹಿಂದೆ ನಾಲ್ಕು ಹೆಜ್ಜೆ ಓಡುವ ಉಸಿರು ಮಾತ್ರ ಅವಳಿಗಿಲ್ಲ. "ಸೆಂಗಾ, ಮಗೂನ ಊಟದ ಡಬ್ಬಿ ಬಸ್ಸಲ್ಲೇ ಬಿಟ್ಬಂದೆ!" ಎಂದು ಅತ್ತಳು. "ನನ್ನ ಚಿನ್ನ, ಗೆದ್ದೆ ಬಿಡು!" ಎಂದಳು ಸೆಂಗಾ. ರಿಪೋರ್ಟೂ ಹಾಗೆಯೇ ಬಂತು: ಮೈಗೆ ಏನೂ ನೆನಪಿರಲಿಲ್ಲ. ಐಲ್ಸಾಳಿಗೆ ಮಾಸ್ಕ್ ಕಟ್ಟಿ, ಮಂಜು ಸರಾಗವಾಗಿ ಒಳಗಿಳಿಯತೊಡಗಿದ ಮೇಲೆ ಸೆಂಗಾ ಕಿಟಕಿಯತ್ತ ತಿರುಗಿ ಫೋನ್ ಹಚ್ಚಿದಳು. ಹೋದ ವರ್ಷ ಮೈ ಗುರುತು ಹಿಡಿದದ್ದರಿಂದ ಎರಡನೆಯ ಸಲ ತಪ್ಪಿಹೋಗಿದ್ದ ಡಂಕನ್‌ಗೆ ಅವಳು ವಾರವೂ ತಪ್ಪದೆ ಮಾಡುವ ಕರೆ ಅದು. "ಏನಪ್ಪಾ, ಇವತ್ತು ಎಷ್ಟು ಮೆಟ್ಟಿಲು ಹತ್ತಿದೆ?" ಎಂದು ಕೇಳಿ, ಅವನ ಉತ್ತರ ಕೇಳಿಸಿಕೊಂಡು, ಮೆಲ್ಲಗೆ ಹೇಳಿದಳು: "ಹನ್ನೊಂದಾ? ಹೋದ ಗುರುವಾರ ಹದಿಮೂರು ಹತ್ತಿದ್ಯಲ್ಲೋ, ಮಗನೇ."