ಎಣಿಸದ ಉಸಿರು

ನಮ್ಮ ವಾರ್ಡಿನ ಹಿರಿಯ ನರ್ಸನ್ನು ನಾವೆಲ್ಲ ಬೆನ್ನ ಹಿಂದೆ ಗಡಿಯಾರದಕ್ಕ ಎನ್ನುತ್ತಿದ್ದೆವು. ರೋಗಿಯ ಎದೆಯ ಮೇಲೆ ಹಗುರವಾಗಿ ಕೈಯಿಟ್ಟು, ಗಡಿಯಾರ ನೋಡುತ್ತ, ಪೂರ್ತಿ ಒಂದು ನಿಮಿಷ ಉಸಿರು ಎಣಿಸುತ್ತಿದ್ದವರು ಅವರೊಬ್ಬರೇ. ನಾವೋ, ರೋಗಿ ನೆಟ್ಟಗೆ ಕಂಡರೆ ಸಾಕು, ಚಾರ್ಟಿನಲ್ಲಿ ಮಾಮೂಲಿ ಲೆಕ್ಕವಾದ ಹದಿನೆಂಟನ್ನೇ ಗೀಚಿ ಮುಂದಿನ ಹಾಸಿಗೆಗೆ ಹೋಗುತ್ತಿದ್ದೆವು. ಸಿಕ್ಕಿಬಿದ್ದ ದಿನ ಚೆನ್ನಾಗಿ ಮಂಗಳಾರತಿ ಆಗುತ್ತಿತ್ತು.

“ಜ್ವರ ಆಮೇಲೆ ಬರುತ್ತೆ ಕಣೇ, ಉಸಿರು ಮೊದ್ಲೇ ಹೇಳಿಬಿಡುತ್ತೆ. ಕೇಳಿಸ್ಕೊಳ್ಳೋಕೆ ನಿಂಗೆ ಒಂದು ನಿಮಿಷ ಇಲ್ವಾ?”

ಆ ವರ್ಷ ನಾಲ್ವರು ನರ್ಸುಗಳು ಕೆಲಸ ಬಿಟ್ಟರು. ಮೇಲಿನವರು ಅವರ ಜಾಗಕ್ಕೆ ಒಬ್ಬರನ್ನೂ ತರಲಿಲ್ಲ. ಉಳಿದ ನಮಗೆ ಕೌಶಲ ಹೆಚ್ಚಿಸುವ ತರಬೇತಿ ಕೊಟ್ಟರು, ಕೊನೆಗೊಂದು ಪ್ರಮಾಣಪತ್ರವನ್ನೂ ಕೊಟ್ಟರು! ಮೂವತ್ತಾರು ಹಾಸಿಗೆಗೆ ಇಬ್ಬರು ನರ್ಸುಗಳು, ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ನೆನೆದರೆ ಇಂದಿಗೂ ಮೈ ಉರಿಯುತ್ತದೆ.

ಒಂದು ಮಧ್ಯಾಹ್ನ ನಾನು ಒಬ್ಬ ರೋಗಿಯನ್ನು ಆಪರೇಷನ್ ಥಿಯೇಟರಿಗೆ ಕರೆದೊಯ್ದಿದ್ದೆ. ವಾರ್ಡಿನಲ್ಲಿ ಅಕ್ಕ ಒಬ್ಬರೇ. ಎರಡು ದಿನದ ಹಿಂದೆ ಕರುಳಿನ ಆಪರೇಷನ್ ಆಗಿದ್ದ ಹುಡುಗಿಯೊಬ್ಬಳ ಚಾರ್ಟಿನಲ್ಲಿ, ಜೀವನದಲ್ಲಿ ಮೊದಲ ಸಲ, ಅವರು ಎಣಿಸದೆ ಹದಿನೆಂಟು ಬರೆದರು. ಸಂಜೆಯ ಹೊತ್ತಿಗೆ ಆ ಹುಡುಗಿಯ ತುಟಿ ನೀಲಿಗಟ್ಟಿತ್ತು. ಡಾಕ್ಟರು ಓಡಿ ಬಂದರು. ಅವಳು ಉಳಿಯಲಿಲ್ಲ.

ಚಾರ್ಟು ಸರಿಯಾಗಿದೆ, ಯಾರದ್ದೂ ತಪ್ಪಿಲ್ಲ ಎಂದು ವಿಚಾರಣೆ ಮುಗಿಯಿತು.

“ಸುಮ್ನಿದ್ಬಿಡಿ ಅಕ್ಕ, ಕೆಲಸ ಹೋಗುತ್ತೆ” ಎಂದು ನಾನು ಅವರ ಕೈ ಹಿಡಿದು ಗೋಗರೆದೆ.

“ಚಾರ್ಟು ಸುಳ್ಳು ಕಣೇ” ಎಂದು ಕೈ ಬಿಡಿಸಿಕೊಂಡು ಹೊರಟೇಬಿಟ್ಟರು. ಅಳು ಬರುತ್ತಿದ್ದರೂ ನಾನು ಹಿಂದೆಯೇ ಹೋದೆ.

ಹುಡುಗಿಯ ತಾಯಿ ಮಗಳ ಮರಣ ಪ್ರಮಾಣಪತ್ರಕ್ಕಾಗಿ ಆಫೀಸಿನ ಮುಂದಿನ ಬೆಂಚಿನಲ್ಲಿ ಕಾಯುತ್ತಿದ್ದರು. ಅಕ್ಕ ಅವರ ಮುಂದೆ ನೆಲದ ಮೇಲೆಯೇ ಕೂತರು.

“ನಾನು ನಿಮ್ಮ ಮಗಳ ಉಸಿರು ಎಣಿಸ್ಲಿಲ್ಲಮ್ಮ. ಎಣಿಸದೇನೇ ಬರೆದುಬಿಟ್ಟೆ.”

ಬೈಯುತ್ತಾರೆ, ಕೆನ್ನೆಗೆ ಬಾರಿಸುತ್ತಾರೆ ಎಂದು ನಾನು ಅಂದುಕೊಂಡೆ.

“ಉಸಿರಾಡೋಕೆ ಆಗ್ತಿಲ್ಲಮ್ಮ ಅಂತ ಹೇಳ್ತಾನೇ ಇದ್ಲು” ಎಂದರು ಆ ತಾಯಿ. “ನಾನೇ ಗದರಿಸ್ದೆ. ನರ್ಸಕ್ಕ ಈಗ್ತಾನೇ ನೋಡಿ ಬರ್ಕೊಂಡು ಹೋದ್ರಲ್ಲ, ಎಲ್ಲ ಸರಿಯಾಗಿದೆ, ಸುಮ್ನೆ ಮಲ್ಕೋ ಅಂದೆ.”